ಕಲ್ಲು ಮೀಸೆಯವನ ಬಾಯಿನೀರು

ಮಹಾರಾಷ್ಟ್ರದ ಸಂಭಾಜಿನಗರದ ಹಳೇ ಊರಿನಲ್ಲಿ ನಾನಿರುವ ಗಲ್ಲಿ ಎಷ್ಟು ಇಕ್ಕಟ್ಟೆಂದರೆ, ಎದುರಿಗೆ ಸ್ಕೂಟರ್ ಬಂದರೆ ಯಾರದಾದರೂ ಮನೆಯ ಹೊಸ್ತಿಲು ಹತ್ತಿ ನಿಲ್ಲಬೇಕು. ಗಲ್ಲಿಯ ತುದಿಯಲ್ಲಿ ಗೋಡೆಗೆ ಆತು ಒಬ್ಬ ಕಲ್ಲಿನ ಮನುಷ್ಯ ಕೂತಿದ್ದಾನೆ. ಡೊಳ್ಳು ಹೊಟ್ಟೆ, ಹುರಿ ಮೀಸೆ, ಉಬ್ಬಿದ ಗಲ್ಲ. ಯಾರು ಕೆತ್ತಿದರೋ, ಯಾರ ಮೇಲಿನ ಸಿಟ್ಟಿಗೆ ಕೆತ್ತಿದರೋ! ನೆಲದೊಳಗಿನ ಹಳೇ ಕಾಲುವೆಯ ನೀರು ಅವನ ಬಾಯಿಂದ ಸುರಿಯುತ್ತಲೇ ಇರುತ್ತದೆ. ನಳ ಬಾರದ ದಿನ ಗಲ್ಲಿಗೆಲ್ಲ ಅವನೇ ಗತಿ.

ಅವ್ವನನ್ನು ಭಾಲ್ಕಿಯಿಂದ ಕರೆತಂದ ವಾರದಲ್ಲೇ ನಳ ಕೈಕೊಟ್ಟಿತು. ನಾನು ಕೊಡ ತುಂಬುವುದನ್ನು ಅವ್ವ ಬಾಗಿಲಲ್ಲೇ ನಿಂತು ನೋಡಿದಳು.

"ಅಂವನ ಬಾಯಾಗಿಂದ ಬಿದ್ದ ನೀರ ಅದು. ಎಂಜಲ. ಲಿಂಗಕ್ಕ ಹಾಕ್ಲಾಕ ಬರಲ್ಲ."

ಕೊರಳಿನ ಲಿಂಗಕ್ಕೆ ನೀರೆರೆದು ಪೂಜೆ ಮಾಡದೆ ಅವ್ವ ತುತ್ತು ಮುಟ್ಟುವವಳಲ್ಲ. ಬಾಟಲಿ ನೀರು ತಂದುಕೊಟ್ಟರೆ, ಯಾವತ್ತು ತುಂಬಿದ ತಂಗಳ ನೀರೋ ಎಂದು ಆಚೆ ಸರಿಸಿದಳು. ನನಗೆ ಸಿಟ್ಟು ನೆತ್ತಿಗೇರಿತು.

"ಕಲ್ಲಿಗಿ ಎಂಥಾ ಎಂಜಲ ಅವ್ವ? ಹುಟ್ಟಿದಾಗಿಂದ ಅಂವ ಒಂದರ ರೊಟ್ಟಿ ತಿಂದಾನೇನು?"

"ಹಂಗಾದ್ರ ನನಗ ಊರಿಗಿ ಕಳಸು."

ನಾನು ಹೆದರಿದ್ದು ಇದೊಂದೇ ಮಾತಿಗೆ. ಅಪ್ಪ ತೀರಿದ ಮೇಲೆ ಎರಡು ವರ್ಷ ಗೋಗರೆದು ಕರೆತಂದಿದ್ದೆ. ಆಫೀಸಿನಲ್ಲಿ ಮರಾಠಿ, ಸಂತೆಯಲ್ಲಿ ಹಿಂದಿ. ಮನೆಯಲ್ಲಿ ಕನ್ನಡದಲ್ಲಿ ಬೈಯುವವರೂ ಇರಲಿಲ್ಲ. ಅವಳು ಹೋದರೆ ಮತ್ತೆ ಬರುವವಳಲ್ಲ ಎಂದು ಗೊತ್ತಿತ್ತು. 'ಇರು' ಎಂದು ಬಾಯಿಬಿಟ್ಟು ಹೇಳಲಾರದೆ, ರಜೆ ಹಾಕಿ, ನಾನೂ ತಾಟು ಸರಿಸಿ ಕೂತೆ. ನೂಲಿನಂತೆ ಸೀರೆ, ತಾಯಿಯಂತೆ ಮಗಳು.

ಮಧ್ಯಾಹ್ನದ ಹೊತ್ತಿಗೆ ತಲೆ ಸಿಡಿಯತೊಡಗಿತು. ಹಸಿದರೆ ನನಗೆ ಅದು ಚಿಕ್ಕಂದಿನಿಂದಲೂ ಇದ್ದದ್ದೇ. ನಾನು ಹಣೆ ಒತ್ತಿಕೊಳ್ಳುವುದನ್ನು ಅವ್ವ ಒಂದೆರಡು ಸಲ ನೋಡಿದಳು. ಆಮೇಲೆ ಕೊಡ ಎತ್ತಿಕೊಂಡು ಹೊರಟಳು. ನಾನೂ ಹಿಂದೆ ಹೋದೆ.

ಕಲ್ಲಿನವನ ಮುಂದೆ ನಿಂತು, ಸೆರಗಿನ ತುದಿಯಿಂದ ಅವನ ಮೂಗು ಒರೆಸಿದಳು. ಗಲ್ಲ ಒರೆಸಿದಳು. ಪಾಚಿಗಟ್ಟಿದ ತುಟಿಯನ್ನು ಬೆರಳಿಟ್ಟು ಉಜ್ಜಿದಳು. ಆಮೇಲೆ ಕೊಡ ಹಿಡಿದಳು.

"ಈಗ ಎಂಜಲ ಅಲ್ಲೇನು?" ಎಂದು ಕೆಣಕಿದೆ.

"ಕೂಸಿನ ಬಾಯಿಗಿ ಎಲ್ಲಿ ಎಂಜಲ? ಜೊಲ್ಲ ಸುರಸ್ಲಕತ್ತಾನ. ಹಲ್ಲ ಬರೋ ಹೊತ್ತ ಇರಬೇಕು."

ಆ ಮೀಸೆ ನೋಡಿ ನನಗೆ ನಗು ತಡೆಯಲಾಗಲಿಲ್ಲ. ಅವ್ವ ನಗಲಿಲ್ಲ. ಒದ್ದೆ ಕೈಯನ್ನು ನನ್ನ ಹಣೆಯ ಮೇಲಿಟ್ಟಳು.

"ನಡಿ, ಲಗು ಪೂಜಾ ಮುಗಸ್ತೀನಿ. ನೀ ಉಪಾಸ ಕೂತರ ನಾ ಯಾ ದೇವರಿಗಿ ನೀರ ಹಾಕ್ಲಿ?"