ನಾಲ್ವರಿಗೆ ಒಂದೇ ರಿಮೋಟ್

ಇದು ಎರಡು ವರ್ಷದ ಹಿಂದಿನ ಮಾತು. ಹಾನಗಲ್ಲಿನ ನನ್ನ ರಿಪೇರಿ ಅಂಗಡಿಗೆ ಆಗ ಇಪ್ಪತ್ತೆಂಟು ವರ್ಷ ತುಂಬಿತ್ತು. ರೇಡಿಯೊದಿಂದ ಶುರು ಮಾಡಿ ಟೇಪ್, ಟಿವಿ, ಪಂಪ್‌ಸೆಟ್ ಸ್ಟಾರ್ಟರ್ ದಾಟಿ ಔಷಧ ಸಿಂಪಡಿಸುವ ಡ್ರೋನಿನ ಬೋರ್ಡಿನವರೆಗೆ ಬಂದಿದ್ದೆ. ಯಾವುದನ್ನೂ ಕಾಲೇಜಿನಲ್ಲಿ ಕಲಿತವನಲ್ಲ. ಬಿಚ್ಚಿ, ಸುಟ್ಟು, ಮತ್ತೆ ಕೂಡಿಸಿ ಕಲಿತವನು. ಆ ವರ್ಷ ಇನ್ನೊಂದು ಕೆಲಸ ಮೈಮೇಲೆ ಎಳೆದುಕೊಂಡಿದ್ದೆ. ಹವ್ಯಾಸಕ್ಕೆ ಹಾರಿಸುವ ಸಣ್ಣ ವಿಮಾನಗಳ ಟ್ರಾನ್ಸ್‌ಮಿಟರಿಗೆ ಬರುವ ಹೊಸ ಫರ್ಮ್‌ವೇರನ್ನು, ಅದು ಎಲ್ಲರ ಕೈಗೆ ಹೋಗುವ ಮುಂಚೆ ಪರೀಕ್ಷಿಸುವ ಕೆಲಸ.

ಟ್ರಾನ್ಸ್‌ಮಿಟರ್ ಅಂದರೆ ಎರಡು ಕೈಯಲ್ಲಿ ಹಿಡಿಯುವ ರಿಮೋಟ್. ಅದರೊಳಗೆ ಕೂತು ಅದನ್ನು ನಡೆಸುವ ಪ್ರೋಗ್ರಾಮು ಫರ್ಮ್‌ವೇರ್. ನಮ್ಮದು ಓಪನ್ ಸೋರ್ಸ್, ಅಂದರೆ ಯಾವ ಕಂಪನಿಯದೂ ಅಲ್ಲ. ದೇಶದೇಶದ ಜನ ಬಿಡುವಿನಲ್ಲಿ ಕೂತು ಬರೆದದ್ದು. ಬಿಡುಗಡೆಗೆ ಮುಂಚಿನ ಪ್ರತಿಯನ್ನು ನನ್ನಂಥ ಹವ್ಯಾಸಿಗಳು ಹಾಕಿ ನೋಡಿ, ತಪ್ಪು ಕಂಡರೆ ವರದಿ ಬರೆಯಬೇಕು. ಪಗಾರವಿಲ್ಲ. ಆದರೆ ತಪ್ಪು ಹಿಡಿಯುವುದೇ ನನ್ನ ಕಸುಬಾದ್ದರಿಂದ ನನ್ನಷ್ಟು ಚೆನ್ನಾಗಿ ಯಾರು ಹಿಡಿದಾರು ಎಂಬ ಸೊಕ್ಕಿತ್ತು.

ನಾವು ಹಾರಿಸುವವರು ನಾಲ್ವರು. ಹಾನಗಲ್ಲಿನ ನಾನು, ಶಿಗ್ಗಾಂವಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ಈರಣ್ಣ, ಹಿರೇಕೆರೂರಿನ ನಿವೃತ್ತ ಡ್ರಾಯಿಂಗ್ ಮಾಸ್ತರು, ಮತ್ತು ಸವಣೂರಿನ ಬಡಿಗ ಖಾಸಿಂಸಾಬರು. ರವಿವಾರ ಬೆಳಿಗ್ಗೆ ಬಂಕಾಪುರದ ಆಚೆ, ಕೋಟೆಯ ನವಿಲುಗಳಿಗೆ ಸದ್ದು ಮುಟ್ಟದಷ್ಟು ದೂರದಲ್ಲಿ, ಗೋವಿನಜೋಳ ಕಿತ್ತ ಹೊಲವೊಂದರಲ್ಲಿ ಸೇರುತ್ತಿದ್ದೆವು. ವಿಮಾನ ನಾಲ್ಕು, ರಿಮೋಟ್ ಒಂದು. ಹುಬ್ಬಳ್ಳಿಯಲ್ಲಿ ಅರ್ಧ ದಿನ ಜಗ್ಗಾಡಿ ನಾನೇ ತಂದ ಹಳೆಯ ರಿಮೋಟು ಅದು. ಪ್ರತಿ ವಿಮಾನದ ಸೆಟ್ಟಿಂಗು ಒಂದೊಂದು 'ಮಾಡೆಲ್' ಆಗಿ ಅದರ ನೆನಪಿನಲ್ಲಿರುತ್ತಿತ್ತು. ಒಬ್ಬರದು ಇಳಿದ ಕೂಡಲೇ ಪರದೆಯಲ್ಲಿ ಇನ್ನೊಬ್ಬರ ಮಾಡೆಲ್ ಆರಿಸಿ ಕೈಯಿಂದ ಕೈಗೆ ದಾಟಿಸುವುದು. ರಿಮೋಟ್ ಬಂದ್ ಮಾಡಿ ಮತ್ತೆ ಹಚ್ಚುವ ತಾಳ್ಮೆ ಯಾರಿಗೂ ಇರಲಿಲ್ಲ.

ಆ ರವಿವಾರ ಹೊಸ ಪರೀಕ್ಷಾ ಪ್ರತಿ ಹಾಕಿಕೊಂಡು ಹೋಗಿದ್ದೆ. ಮಾಸ್ತರರ ವಿಮಾನ ಹಾರಿ ಇಳಿಯಿತು. ಖಾಸಿಂಸಾಬರ ಮಾಡೆಲ್ ಆರಿಸಿದೆ. ಎಂಟು ತಿಂಗಳು ಕೂತು ಹಗುರ ಕಟ್ಟಿಗೆಯಲ್ಲಿ ಅವರು ಕಟ್ಟಿದ ವಿಮಾನ. ರೆಕ್ಕೆಯ ಒಂದೊಂದು ಪಕ್ಕೆಲುಬನ್ನೂ ಉಳಿಯಿಂದ ಕೆತ್ತಿದ್ದರು. ಅವರು ಬ್ಯಾಟರಿ ಜೋಡಿಸಿ, ಮೂತಿಯ ಹತ್ತಿರದ ಮುಚ್ಚಳ ಹಾಕುತ್ತಿದ್ದರು. ಥ್ರಾಟಲ್ ಕಟ್ ಸ್ವಿಚ್ಚು ಮೇಲಿತ್ತು; ಅವರ ಮಾಡೆಲ್‌ಗೆ ಅದೇ ಕಟ್ ಸ್ಥಿತಿ. ಈ ಸ್ವಿಚ್ಚು ಕಟ್ ಸ್ಥಿತಿಯಲ್ಲಿದ್ದರೆ ವೇಗದ ಸ್ಟಿಕ್ಕನ್ನು ಎಷ್ಟು ದೂಡಿದರೂ ಮೋಟಾರು ತಿರುಗಬಾರದು. ನನ್ನ ಅಂಗಿಯ ತೋಳು ಸ್ಟಿಕ್ಕಿಗೆ ತಾಗಿತು. ಮೋಟಾರು ತಿರುಗಿತು. ಮೂತಿಯಲ್ಲಿದ್ದ ಪಂಖಾ ಖಾಸಿಂಸಾಬರ ಬಲಗೈ ತೋರುಬೆರಳನ್ನು ಸೀಳಿತು.

ಬಂಕಾಪುರದಲ್ಲಿ ಡಾಕ್ಟರು ಐದು ಹೊಲಿಗೆ ಹಾಕಿದರು. ಹೊಲಕ್ಕೆ ಮರಳಿ ಪಂಖಾ ಬಿಚ್ಚಿಟ್ಟು, ಮಾಡೆಲ್ ಬದಲಿಸುತ್ತ ಹತ್ತು ಸಲ ನೋಡಿದೆ. ಸ್ವಿಚ್ಚು ಕಟ್‌ನಲ್ಲಿದ್ದರೂ ಮೂರು ಸಲ ಮೋಟಾರು ತಿರುಗಿತು, ಏಳು ಸಲ ಇಲ್ಲ.

ಮರುದಿನ ಸವಣೂರಿಗೆ ಹೋದೆ. ಖಾಸಿಂಸಾಬರ ಅಣ್ಣ ಬಾಗಿಲ ಚೌಕಟ್ಟಿಗೆ ರಂಧಾ ಹೊಡೆದು ನುಣುಪು ಮಾಡುತ್ತ ನನ್ನ ಕಡೆ ನೋಡದೆಯೇ ಅಂದರು: "ಮೂವತ್ತು ವರ್ಷ ಗರಗಸದ ಮುಂದ ಕೈ ಇಟ್ಟಾಂವ, ಆಟಗಿ ಸಾಮಾನದಾಗ ಬೆರಳ ಕೊಯ್ಸ್ಕೊಂಡ ಬಂದಾನ ನೋಡ್ರಿ. ಖಬರ ಇಲ್ದಾಂಗ ಕೆಲಸ ಮಾಡಿದ್ರ ಹಿಂಗ ಆಗೂದು."

ಖಾಸಿಂಸಾಬರು ಬ್ಯಾಂಡೇಜಿನ ಕೈಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದರು. "ಗಾಯ ಮಾಯ್ತೈತ್ರಿ ಬಸಣ್ಣ. ಖಾಸಿಂಗ ಖಬರ ಇಲ್ಲ ಅನ್ನೂ ಮಾತು ಮಾಯೂದಿಲ್ಲ. ಗಿರಾಕಿಗೋಳೂ ಅದನ್ನ ಅನ್ನಾಕತ್ತಾರ. ತಪ್ಪು ನಂದೋ ಆ ರಿಮೋಟಿಂದೋ ಗೊತ್ತು ಮಾಡಿ ಬರ್ರಿ. ಅಲ್ಲೀತನ ನಾ ವಿಮಾನ ಮುಟ್ಟೂದಿಲ್ಲ."

ಬಿಡುಗಡೆಗೆ ಎರಡು ವಾರ ಉಳಿದಿತ್ತು. ಅಂದೇ ಕೂತು, ಮೊಬೈಲಿನ ಅನುವಾದದ ಸಹಾಯದಿಂದ ವರದಿ ಬರೆದೆ. ಇಲ್ಲಿ ನನ್ನ ತಪ್ಪನ್ನು ಬಿಚ್ಚಿ ಹೇಳಬೇಕು. ನಾನು ಬದುಕಿದ್ದು ಚೌಕಾಶಿಯ ಮೇಲೆ. ಹತ್ತು ಬೇಕಿದ್ದರೆ ಹದಿನೈದು ಹೇಳು, ಎದುರಿನವ ಇಳಿಸಿಯೇ ಇಳಿಸುತ್ತಾನೆ, ಕೊನೆಗೆ ಹತ್ತಕ್ಕೆ ಬಂದು ನಿಲ್ಲು; ಸಂತೆ ನನಗೆ ಕಲಿಸಿದ್ದು ಇದನ್ನೇ. ಮೂರು ಸಲ ಎಂದು ಬರೆದರೆ ಆ ದೂರದ ಜನ ಎಲ್ಲಿ ಕಿವಿಗೆ ಹಾಕಿಕೊಳ್ಳುತ್ತಾರೆ ಅನ್ನಿಸಿ, 'ಪ್ರತಿ ಸಲವೂ ಆಗುತ್ತದೆ, ಎಲ್ಲ ಮಾಡೆಲ್‌ಗಳಲ್ಲೂ ಆಗುತ್ತದೆ, ಬಿಡುಗಡೆ ನಿಲ್ಲಿಸಿ' ಎಂದು ಬರೆದೆ.

ಎರಡು ದಿನದ ಮೇಲೆ ಒಬ್ಬ ಡೆವಲಪರ್ ಉತ್ತರಿಸಿದ. ಇಪ್ಪತ್ತು ಸಲ ನೋಡಿದನಂತೆ, ಒಮ್ಮೆಯೂ ಆಗಲಿಲ್ಲವಂತೆ. ಯಾವ ಹೆಜ್ಜೆಯ ನಂತರ ಯಾವ ಹೆಜ್ಜೆ ಎಂದು ಬರೆದು, ರಿಮೋಟಿನ ಇಡೀ ಬ್ಯಾಕಪ್ ಕಳಿಸಿ ಎಂದ. ನಾನು ಖಾಸಿಂಸಾಬರ ಮಾಡೆಲ್ ಒಂದನ್ನೇ ಕಳಿಸಿದೆ. ಇಡೀ ಬ್ಯಾಕಪ್ ಕಳಿಸಿದರೆ ನಾಲ್ಕು ಜನರ ಹೆಸರಿನ ನಾಲ್ಕು ಮಾಡೆಲ್ ಅದರಲ್ಲಿ ಕಾಣುತ್ತಿದ್ದವು. ಒಂದೊಂದು ಮನೆಯಲ್ಲಿ ಮೂರು ಮೂರು ರಿಮೋಟ್ ಇಟ್ಟುಕೊಂಡ ಜನದ ಮುಂದೆ, ನಾವು ನಾಲ್ವರು ಸೇರಿ ಒಂದರಲ್ಲಿ ಕಾಲ ಕಳೆಯುತ್ತೇವೆ ಎಂದು ಯಾಕೆ ತೋರಿಸಿಕೊಳ್ಳಲಿ?

ಅವನು ಮತ್ತೆ ಪ್ರಯತ್ನಿಸಿ, 'ನಮ್ಮಲ್ಲಿ ಮರುಕಳಿಸುತ್ತಿಲ್ಲ' ಎಂದು ವರದಿಯನ್ನು ಮುಚ್ಚಿಬಿಟ್ಟ. ನನ್ನ ನೆತ್ತಿಗೇರಿತು. ಅದೇ ಸಿಟ್ಟಿನಲ್ಲಿ ಇನ್ನೊಂದು ಬರೆದೆ: 'ನನ್ನ ಸ್ನೇಹಿತನ ಬೆರಳುಗಳು ಹೋಗಿವೆ, ಇದು ಬಹಳ ಸಲ ಆಗುತ್ತದೆ.' ಒಂದು ಬೆರಳನ್ನು ಹಲವು ಮಾಡಿದ್ದೆ. 'ಪ್ರತಿ ಸಲ'ದಿಂದ 'ಬಹಳ ಸಲ'ಕ್ಕೆ ಇಳಿದಿದ್ದೆ. ಮೂರು ದಿನ ಉತ್ತರವಿಲ್ಲ. ಗಿರಾಕಿಯ ಮಿಕ್ಸರ್ ಬಿಚ್ಚಿಟ್ಟುಕೊಂಡು ಗಳಿಗೆಗೊಮ್ಮೆ ಮೊಬೈಲ್ ನೋಡುವುದು, ಸ್ಕ್ರೂ ಕಳೆಯುವುದು, ಮನೆಯಲ್ಲಿ ಎಲ್ಲರ ಮೇಲೆ ಹಾರಾಡುವುದು, ಇದೇ ನನ್ನ ದಿನಚರಿ. ಕೊನೆಗೆ ಬಂದದ್ದು ಎರಡು ಸಾಲು: 'ಗಾಯಕ್ಕೆ ವಿಷಾದವಿದೆ. ಮೊದಲು ಪ್ರತಿ ಸಲ ಎಂದಿರಿ, ಈಗ ಬಹಳ ಸಲ ಎನ್ನುತ್ತೀರಿ. ದಯವಿಟ್ಟು ಕಂಡಷ್ಟನ್ನೇ ಬರೆಯಿರಿ.'

ಆ ಉತ್ತರವನ್ನು ಮಾಸ್ತರರಿಗೆ ಫೋನಿನಲ್ಲಿ ಓದಿ ಹೇಳಿ, ಅವನ ಸೊಕ್ಕು ನೋಡಿ ಎಂದೆ. ಅವರು ನನ್ನ ಎರಡೂ ವರದಿ ಓದಿಸಿಕೊಂಡು ಕೇಳಿದರು.

"ಏನೋ ಬಸಣ್ಣ, ಸಂತ್ಯಾಗ ಎತ್ತು ಮಾರಾಕತ್ತೀಯೇನು? ಹಾಲು ಹಲ್ಲಿನ ಹೋರಿ ಅಂತಿ, ಬಾಯಿ ತಗದ್ರ ಹಲ್ಲs ಇಲ್ಲ!"

"ಹಂಗಲ್ರಿ ಸರ, ಸಣ್ಣದಾಗಿ ಹೇಳಿದ್ರ ಯಾರೂ—"

"ದವಾಖಾನಿಗೆ ಹೋಗಿ ಜ್ವರ ಎಷ್ಟೈತಿ ಅಂದ್ರ ಇದ್ದದ್ದಕ್ಕಿಂತ ಎರಡು ಡಿಗ್ರಿ ಜಾಸ್ತಿ ಹೇಳ್ತೀಯೇನು? ನಾಳೆ ಮಧ್ಯಾಹ್ನ ಎಲ್ಲಾರೂ ನಿನ್ನ ಅಂಗಡ್ಯಾಗ ಕೂಡೂಣು. ಪಂಖಾ ಬಿಚ್ಚಿ ತರ್ರಿ ಅಂತ ಹೇಳು."

ಮರುದಿನ ಮಧ್ಯಾಹ್ನ ಅಂಗಡಿಯ ಮೇಜಿನ ಮೇಲೆ ನಾಲ್ಕೂ ವಿಮಾನ ಕೂತವು. ಖಾಸಿಂಸಾಬರು ತಮ್ಮದನ್ನು ಈರಣ್ಣನ ಕೈಯಲ್ಲಿ ಕಳಿಸಿದ್ದರು, ತಾವು ಬರಲಿಲ್ಲ. ಮಾಸ್ತರರು ಡ್ರಾಯಿಂಗ್ ಹಾಳೆಯಲ್ಲಿ ಗೆರೆ ಎಳೆದು ಚೌಕಮನೆ ಹಾಕಿದರು: ಯಾವ ಮಾಡೆಲ್‌ನಿಂದ ಯಾವ ಮಾಡೆಲ್‌ಗೆ ಬದಲಿಸಿದ್ದು ಎಂದು. ನಾಲ್ಕು ಮಾಡೆಲ್‌ಗೆ ಹನ್ನೆರಡು ದಾರಿ. ಒಂದೊಂದನ್ನೂ ಐದು ಸಲ, ಒಟ್ಟು ಅರವತ್ತು. ಪ್ರತಿ ಸಲವೂ ಹೊಸ ಮಾಡೆಲ್ ಆರಿಸುವ ಮುಂಚೆ ಸ್ವಿಚ್ಚನ್ನು ಅದರ ಕಟ್ ಸ್ಥಿತಿಗೆ ಇಟ್ಟು, ಆರಿಸಿದ ಮೇಲೆ ಸ್ಟಿಕ್ ದೂಡಿ ನೋಡುವುದು. ಈರಣ್ಣ ಕ್ಯಾಮೆರಾ ಹಚ್ಚಿದ.

ಎರಡು ತಾಸಿನಲ್ಲಿ ಹಾಳೆ ತುಂಬಿತು. ಆರು ದಾರಿಯಲ್ಲಿ ಐದಕ್ಕೈದು ಸಲ ಮೋಟಾರು ತಿರುಗಿತ್ತು. ಇನ್ನಾರರಲ್ಲಿ ಒಂದು ಸಲವೂ ಇಲ್ಲ. ತಿರುಗಿದ ಆರರಲ್ಲೂ ಒಂದು ತುದಿಗೆ ಮಾಸ್ತರರ ವಿಮಾನವೇ.

ಕಾರಣ ಈರಣ್ಣನಿಗೆ ಮೊದಲು ಹೊಳೆಯಿತು. ನಾವು ಮೂವರು ಕಟ್ ಸ್ವಿಚ್ಚನ್ನು ಮನೆಯ ಲೈಟಿನ ಸ್ವಿಚ್ಚಿನಂತೆ ಇಟ್ಟುಕೊಂಡಿದ್ದೆವು: ಮೇಲಿದ್ದರೆ ಬಂದ್, ಕೆಳಗಿದ್ದರೆ ಚಾಲೂ. ಮಾಸ್ತರರದು ಮಾತ್ರ ಉಲ್ಟಾ. ಮಾಡೆಲ್ ಬದಲಾದಾಗ ಹೊಸ ಫರ್ಮ್‌ವೇರು ಸ್ವಿಚ್ಚನ್ನು ಹೊಸದಾಗಿ ಓದದೆ, ಹಿಂದಿನ ಮಾಡೆಲ್‌ನ ಲೆಕ್ಕದಲ್ಲೇ 'ಚಾಲೂ' ಎಂದು ಹಿಡಿದು ಕೂತಿತ್ತು. ಸ್ವಿಚ್ಚನ್ನು ಒಮ್ಮೆ ಅಲುಗಾಡಿಸಿದರೆ ಸರಿಯಾಗುತ್ತಿತ್ತು.

"ಎತ್ತಿದ್ರ ಏಳಬೇಕು, ಇಳಿಸಿದ್ರ ಇಳೀಬೇಕು. ಅದಕ್ಕ ಹಂಗ ಇಟ್ಟಿದ್ದೆ," ಎಂದರು ಮಾಸ್ತರರು, ಮೆತ್ತಗೆ.

"ಮೂವತ್ತೈದು ವರ್ಷ ಹುಡುಗೂರಿಗೆ ಸೀದಾ ಗೆರಿ ಹೊಡೀರಿ ಅಂದ್ರಿ, ನಿಮ್ಮ ಸ್ವಿಚ್ಚs ಉಲ್ಟಾ ಐತಲ್ರಿ ಸರ!" ಎಂದ ಈರಣ್ಣ. ಹತ್ತು ದಿನದ ಮೇಲೆ ಆ ಅಂಗಡಿಯಲ್ಲಿ ಯಾರಾದರೂ ನಕ್ಕದ್ದು ಅದೇ ಮೊದಲು.

ನಾನು ನಗಲಿಲ್ಲ. ಮೊದಲ ದಿನವೇ 'ಹತ್ತರಲ್ಲಿ ಮೂರು' ಎಂದು ಬರೆದು ಇಡೀ ಬ್ಯಾಕಪ್ ಕಳಿಸಿದ್ದರೆ ಈ ಹತ್ತು ದಿನ ಖಾಸಿಂಸಾಬರು ಅಣ್ಣನ ಮಾತು ಕೇಳುತ್ತ ಕೂರಬೇಕಿರಲಿಲ್ಲ.

ಮೂರನೆಯ ವರದಿ ಬರೆದೆ. ಹಾಳೆಯ ಫೋಟೋ, ಈರಣ್ಣನ ವಿಡಿಯೋ, ಪೂರಾ ಬ್ಯಾಕಪ್. ಮೇಲೆ ಒಂದು ಸಾಲು: 'ನಾವು ನಾಲ್ವರು, ರಿಮೋಟ್ ಒಂದೇ. ಹಿಂದಿನ ನನ್ನ ಎರಡು ವರದಿಗಳಲ್ಲಿ ಹೆಚ್ಚು ಮಾಡಿ ಬರೆದಿದ್ದೆ. ಗಾಯವಾದದ್ದು ಒಂದು ಬೆರಳಿಗೆ.' ಮರುದಿನ ಬೆಳಿಗ್ಗೆ ಉತ್ತರ ಬಂದಿತ್ತು. ಮೊದಲ ಪ್ರಯತ್ನದಲ್ಲೇ ಸಿಕ್ಕಿತಂತೆ. 'ಒಂದೇ ರಿಮೋಟನ್ನು ಹೀಗೆ ಕೈಯಿಂದ ಕೈಗೆ ಬಳಸುತ್ತಾರೆಂದು ನಮಗೆ ಹೊಳೆದೇ ಇರಲಿಲ್ಲ' ಎಂದು ಬರೆದಿದ್ದ. ಬಿಡುಗಡೆ ಒಂದು ವಾರ ಮುಂದೆ ಹೋಯಿತು, ತಪ್ಪು ಸರಿಯಾಯಿತು. ಯಾವುದನ್ನು ನಾಚಿಕೆ ಎಂದು ಮುಚ್ಚಿಟ್ಟಿದ್ದೆನೋ ಅದೇ ಅವರಿಗೆ ಬೇಕಾಗಿದ್ದ ಸಂಗತಿ.

ಬಿಡುಗಡೆಯ ಟಿಪ್ಪಣಿಯಲ್ಲಿ ಈ ತಿದ್ದುಪಡಿಯದು ಒಂದೇ ಸಾಲು. ಅದನ್ನು ಪ್ರಿಂಟ್ ಹಾಕಿಸಿಕೊಂಡು ಸವಣೂರಿಗೆ ಹೋದೆ. ಖಾಸಿಂಸಾಬರು ಅಣ್ಣನನ್ನು ಕರೆದು ಕೂರಿಸಿ, "ಈಗ ಓದ್ರಿ," ಎಂದರು. ಕನ್ನಡ ಮಾಡಿ ಓದಿದೆ: ಮಾಡೆಲ್ ಬದಲಿಸಿದಾಗ ಥ್ರಾಟಲ್ ಕಟ್ ಕೆಲಸ ಮಾಡದ ದೋಷ ಸರಿಪಡಿಸಲಾಗಿದೆ. ಸ್ಟಿಕ್ಕಿಗೆ ತಾಗಿದ್ದು ನನ್ನ ತೋಳು ಎಂಬುದನ್ನೂ ಅಣ್ಣನ ಮುಂದೆ ನಾನೇ ಹೇಳಿದೆ. ಅಣ್ಣ ಎದ್ದು ಹೋಗಿ ಚಹಾಕ್ಕೆ ಹೇಳಿ ಬಂದರು.

"ಇದ್ರಾಗ ನನ್ನ ಹೆಸರು ಎಲ್ಲೈತ್ರಿ?" ಎಂದು ಖಾಸಿಂಸಾಬರು ಕಾಗದ ತಿರುಗಿಸಿ ನೋಡಿದರು.

"ಇಲ್ರಿ. ಯಾರ ಹೆಸರೂ ಇಲ್ಲ."

"ಚಲೋ ಆತು. ತಪ್ಪಿನ ಬಾಜೂಕ ನನ್ನ ಹೆಸರಿಲ್ಲಲಾ, ಅಷ್ಟs ಸಾಕು."

ಓದುವವರಿಗೆ ನನ್ನ ಸಲಹೆ ಇಷ್ಟು. ಎಮ್ಮೆ ಕೊಳ್ಳುವಾಗ, ಸೈಟು ಮಾರುವಾಗ ಧಾರಾಳವಾಗಿ ಚೌಕಾಶಿ ಮಾಡಿ, ನಾನೂ ಬಿಟ್ಟಿಲ್ಲ. ಆದರೆ ಡಾಕ್ಟರು, ಮೆಕ್ಯಾನಿಕ್ಕು, ಫರ್ಮ್‌ವೇರ್ ಬರೆಯುವವನು, ಇಂಥ ರಿಪೇರಿ ಮಾಡುವ ಮನುಷ್ಯನ ಮುಂದೆ ಮೂರು ಕಂಡರೆ ಮೂರೇ ಅನ್ನಿ.

ಖಾಸಿಂಸಾಬರ ಬೆರಳು ಈಗ ಪೂರ್ತಿ ಮಡಚುತ್ತದೆ. ಅವರು ಮತ್ತೆ ಹೊಲಕ್ಕೆ ಬಂದ ಮೊದಲ ರವಿವಾರ ಕಂಕುಳಲ್ಲಿ ಒಂದು ಸಾಗುವಾನಿ ಪೆಟ್ಟಿಗೆ ಇತ್ತು. ಒಳಗೆ ನಾಲ್ಕು ಗೂಡು, ಹೊರಗೆ ಕೀಲಿ. ಪರೀಕ್ಷಾ ಫರ್ಮ್‌ವೇರ್ ಇರುವ ದಿನ ನಾಲ್ಕೂ ಪಂಖಾ ಬಿಚ್ಚಿ ಅದರೊಳಗೆ ಬಿದ್ದ ಮೇಲೆಯೇ ರಿಮೋಟ್ ಹಚ್ಚಬೇಕು. ಎಲ್ಲ ನೋಡಿ ಮುಗಿಯುವ ತನಕ ಕೀಲಿಕೈ ಅವರ ಕಿಸೆಯಲ್ಲಿ. ಹೋದ ತಿಂಗಳು ಬಿಸಿಲೇರಿತ್ತು, ನನಗೆ ಅವಸರವಿತ್ತು. "ಖಾಸಿಂಸಾಬ್ರ, ಎರಡs ಪಂಖಾ ಬಿಚ್ಚತೇನಿ, ಐದs ನಿಮಿಷ," ಎಂದೆ.

ಅವರು ಪೆಟ್ಟಿಗೆ ತೆರೆದು ನನ್ನ ಮುಂದೆ ಹಿಡಿದರು. "ನಾಕೂ ಹಾಕ್ರಿ ಬಸಣ್ಣ. ಇದ್ರಾಗ ಚೌಕಾಶಿ ಇಲ್ಲ."