ಒಂಟಿ ಕಿವಿಯ ಫೋಟೊ

ಐವತ್ತೇಳನೇ ಇಸವಿಯ ಶಿಡ್ಲಘಟ್ಟದಲ್ಲಿ ಫೋಟೊ ನಲ್ಲಪ್ಪನ ಮೇಲೆ ಹಲ್ಲು ಮಸೆಯದವರು ಕಡಿಮೆ. ಚಿಂತಾಮಣಿಯಲ್ಲಿ ಅವನ ಗುರು ಕಲಿಸಿದ ಶಾಸ್ತ್ರ ಸರಳವಾಗಿತ್ತು: ಬಿಸಿಲು ಫೋಟೊ ತೆಗೆಯುವವನ ಬೆನ್ನಿಗಿರಬೇಕು, ಕೂತವರು ಕಂಬದಂತಿರಬೇಕು, ಎರಡು ಕಿವಿಯೂ ಕಾಣಬೇಕು. ನಲ್ಲಪ್ಪ ಸ್ವಂತ ಸ್ಟುಡಿಯೊ ತೆರೆದ ದಿನವೇ ಈ ಶಾಸ್ತ್ರದ ಮೇಲೆ ದಂಡೆತ್ತಿ ಹೊರಟ. ಯುದ್ಧದಲ್ಲಿ ಗಾಯಗೊಂಡವರೆಲ್ಲ ಗಿರಾಕಿಗಳೇ. ಬಿಸಿಲಿಗೆ ಬೆನ್ನು ಕೊಟ್ಟು ಕೂತ ಶ್ಯಾನುಭೋಗ ಚನ್ನಕೇಶವಯ್ಯ ಸುಟ್ಟ ಬದನೆಕಾಯಾಗಿ ಬಂದರು. ಕ್ಯಾಮೆರಾ ನೆಲಕ್ಕಿಳಿಸಿ ತೆಗೆದ ಪೈಲ್ವಾನನ ಪಟದಲ್ಲಿ ಮೂಗಿನ ಹೊಳ್ಳೆ ಬಿಟ್ಟು ಬೇರೇನೂ ಎದ್ದು ಕಾಣಲಿಲ್ಲ. ಆತ ಸ್ಟೂಲು ಮುರಿದು ಹೋದ.

"ಇದು ಆಗಲ್ಲ ಅಂತ ಗೊತ್ತಾಯ್ತಲ್ಲ" ಎನ್ನುತ್ತ ನಲ್ಲಪ್ಪ ಸ್ಟೂಲಿನ ಕಾಲಿಗೆ ಮೊಳೆ ಹೊಡೆದ.

ಕೊನೆಗೊಂದು ಗೆಲುವು ಸಿಕ್ಕಿತು. ಅದೇ ಅವನ ಕುತ್ತಿಗೆಗೆ ಬಂತು.

ಸ್ಟುಡಿಯೊ ಇದ್ದ ಕಟ್ಟಡ ದಿಬ್ಬೂರಹಳ್ಳಿಯ ವೆಂಕಟರಾಯಪ್ಪನವರದು. ಅವರ ಮಗಳು ಶ್ಯಾಮಲಮ್ಮನ ಫೋಟೊ ತೊಂಡೇಬಾವಿಯ ಗಂಡಿನ ಮನೆಗೆ ಹೋಗಬೇಕಿತ್ತು. ನಲ್ಲಪ್ಪ ಹುಡುಗಿಯನ್ನು ಕಿಟಕಿಯತ್ತ ಮುಖ ಮಾಡಿ ಕೂರಿಸಿ ಒಂದೇ ಮಗ್ಗುಲಿಂದ ತೆಗೆದ. ಕೆನ್ನೆಯ ಮೇಲೆ ಬೆಳಕು ಹಾಲಿನ ಕೆನೆಯ ಹಾಗೆ ನಿಂತಿತ್ತು. ಯಜಮಾನರು ನೋಡಿದರೆ ಹರಿದುಹಾಕುತ್ತಾರೆಂದು ಲಕೋಟೆ ಅಂಟಿಸಿ ತಾನೇ ಅಂಚೆಗೆ ಹಾಕಿದ.

ವಾರ ಕಳೆಯುವುದರೊಳಗೆ ಗಂಡಿನ ತಾಯಿ ಅಕ್ಕಯ್ಯಮ್ಮ ಫೋಟೊ ಹಿಡಿದುಕೊಂಡು ಸ್ಟುಡಿಯೊಗೇ ನುಗ್ಗಿದರು. ಹಿಂದೆಯೇ ವೆಂಕಟರಾಯಪ್ಪನವರು, ಅವರ ಹಿಂದೆ ಶ್ಯಾಮಲಮ್ಮ.

"ಏಮಯ್ಯಾ, ಹುಡ್ಗಿಗೆ ಆ ಕಡೆ ಕಿವಿ ಇದ್ಯೋ ಇಲ್ವೋ? ಕಣ್ಣು? ಅರ್ಧ ಹೆಣ್ಣನ್ನ ಕಳ್ಸಿ ಪೂರ್ತಿ ಗಂಡನ್ನ ಕೇಳ್ತೀರಾ?"

"ಲೇ ನಲ್ಲಪ್ಪ," ವೆಂಕಟರಾಯಪ್ಪನವರು ಗುಡುಗಿದರು, "ಈ ಸಂಬಂಧ ಮುರೀತೋ, ನಿನ್ನ ಪೆಟ್ಟಿಗೆ ಬೀದೀಲಿರ್ತದೆ ಕಣೋ!"

ಅಕ್ಕಯ್ಯಮ್ಮ ಹುಡುಗಿಯ ಎರಡು ಕಿವಿಯನ್ನೂ ಹಿಂಡಿ ನೋಡಿದರು. "ಎಲ್ಲಾ ಇದೆ. ಆದ್ರೆ ಪಟದಾಗಿರೋಳು ಇವಳಲ್ಲ. ಅವಳು ಚೆನ್ನಾಗಿದ್ಲು."

ಈಗ ಯಜಮಾನರ ಮೀಸೆ ಬೀಗರ ಕಡೆ ತಿರುಗಿತು. "ನಮ್ಮ ಹುಡ್ಗಿ ಹಂಗೇ ಇರೋದು! ಲೇ, ಕೂರಿಸಿ ತೋರಿಸೋ!"

ನಲ್ಲಪ್ಪ ಹುಡುಗಿಯನ್ನು ಕಿಟಕಿಯತ್ತ ಕೂರಿಸಿ ಬಿಳಿ ಪರದೆಯನ್ನು ಅರ್ಧ ಎಳೆದ. ಬೆಳಕು ಬಂದು ಕೆನ್ನೆಯ ಮೇಲೆ ಕೂತಿತು. ಅಕ್ಕಯ್ಯಮ್ಮನ ಬಾಯಿ ತೆರೆದದ್ದು ಮುಚ್ಚಲಿಲ್ಲ.

"ಹೂಂ, ಇವಳೇ," ಎಂದರು ಕೊನೆಗೆ, ಸೋತ ದನಿಯಲ್ಲಿ. "ಒಪ್ಪಿಗೆ ಕಣಪ್ಪ."

ನಲ್ಲಪ್ಪ ಉಸಿರು ಬಿಟ್ಟ. ಅಷ್ಟರಲ್ಲಿ ಶ್ಯಾಮಲಮ್ಮ ಕಿಟಕಿಯಿಂದ ಮುಖ ತಿರುಗಿಸದೆಯೇ ಕೇಳಿದಳು: "ಅಮ್ಮ, ತೊಂಡೇಬಾವೀಲಿ ನಿಮ್ಮನೇಗೆ ಕಿಟ್ಕಿ ಇದ್ಯಾ?"

"ಕಿಟ್ಕಿ ಯಾಕೆ, ಕಳ್ಳರು ಬರಕ್ಕಾ? ಅಡಿಗೆಮನೇಲಿ ಹೊಗೆಗೆ ಒಂದು ಗವಾಕ್ಷಿ ಇದೆ."

"ಹಂಗಾದ್ರೆ ನಂಗೆ ಬೇಡ. ಸಂತೇಲಿ ಎತ್ತಿನ ಕಿವಿ ಹಿಂಡ್ದಂಗೆ ಹಿಂಡಿದ್ರಿ, ಸಹಿಸ್ಕೊಂಡೆ. ಕತ್ಲಲ್ಲಿ ಬಾಳಕ್ಕೆ ಆಗಲ್ಲ."

ಅಕ್ಕಯ್ಯಮ್ಮ ಏಳು ತಲೆಮಾರಿಗಾಗುವಷ್ಟು ಶಪಿಸಿ ಹೊರಟುಹೋದರು. ಯಾರ ಮೇಲೆ ಬೀಳಬೇಕೆಂದು ವೆಂಕಟರಾಯಪ್ಪನವರಿಗೆ ತೋಚಲಿಲ್ಲ. ಸಂಬಂಧ ಮುರಿದವಳು ಸ್ವಂತ ಮಗಳು. ನಲ್ಲಪ್ಪನನ್ನು ಓಡಿಸಿದರೆ ಫೋಟೊದಲ್ಲಿ ಮೋಸವಿತ್ತೆಂದು ಒಪ್ಪಿಕೊಂಡ ಹಾಗೆ. ಹೀಗಾಗಿ ಕಿಟಕಿಯ ಮೇಲೆ ಬಿದ್ದರು. ಮರುದಿನವೇ ಗಾರೆಯವನನ್ನು ಕರೆಸಿ ಇಟ್ಟಿಗೆ ಇಟ್ಟು ಮುಚ್ಚಿಸಿದರು. ಬೆಳಕಿಲ್ಲದ ಸ್ಟುಡಿಯೊದಿಂದ ನಲ್ಲಪ್ಪ ತಾನಾಗಿಯೇ ಗಂಟು ಕಟ್ಟುತ್ತಾನೆಂಬುದು ಅವರ ಲೆಕ್ಕ.

ಗಾರೆ ಒಣಗುವ ಮೊದಲೇ ನಲ್ಲಪ್ಪ ಮಾಡು ಹತ್ತಿ ನಾಲ್ಕು ಹೆಂಚು ಸರಿಸಿದ. ಏಣಿ ಇಳಿದು ಒಳಗೆ ಬಂದರೆ, ನೆತ್ತಿಯ ಮೇಲಿಂದ ಬೀಳುತ್ತಿದ್ದ ಬೆಳಕಿನ ಕೆಳಗೇ ಯಜಮಾನರು ದೊಣ್ಣೆ ಹಿಡಿದು ನಿಂತಿದ್ದರು. ಹುಬ್ಬಿನ ನೆರಳು ಕಣ್ಣುಗಳನ್ನು ನುಂಗಿತ್ತು. ಮೂಗಿನ ನೆರಳು ಮೀಸೆ ದಾಟಿ ತುಟಿಗಿಳಿದಿತ್ತು.

"ಹೆಂಚು ಕಿತ್ಯೇನೋ, ಹಾಳಾದೋನೇ!"

ನಲ್ಲಪ್ಪ ಭಕ್ತಿಯಿಂದ ಅವರನ್ನು ಮೇಲಿಂದ ಕೆಳಗೆ ನೋಡಿದ.

"ಹಂಗೇ ನಿಂತಿರಿ ಯಜಮಾನ್ರೇ, ಅಲುಗಾಡ್ಬೇಡಿ. ಈ ಬೆಳಕು ಹೆಣ್ಣುಮಕ್ಕಳಿಗೆ ಆಗಲ್ಲ... ಮುಖ ನೋಡಿದ್ರೇ ಹೆದ್ರೋ ಹಂಗಿದೆ, ಪೊಲೀಸ್ನೋರ ಫೋಟೊಗೆ ಚೆನ್ನಾಗಿ ಆಗ್ತದೆ."