ಕಾಫಿ ಕಣದಲ್ಲಿ ಬಂದ ನಿದ್ದೆ

ಮಳೆ ಬರಬಹುದಿತ್ತು. ಜನವರಿಯಲ್ಲಿ ಎಂಥ ಮಳೆ ಎಂದು ಕೇಳಬೇಡಿ, ಈಗೀಗ ಅದಕ್ಕೆ ತಿಂಗಳುಗಳ ಪರಿಚಯವೇ ತಪ್ಪಿಹೋಗಿದೆ. ಮಂಗಗಳು ಕಾಫಿ ಒಣಹಾಕಿದ ಕಣಕ್ಕಿಳಿದು ಹೊರಳಾಡಬಹುದಿತ್ತು. ಬೆಚ್ಚಗಿದೆಯೆಂದು ನಮ್ಮದೇ ನಾಯಿ ಕಾಫಿಯ ಮೇಲೆ ಮಲಗಬಹುದಿತ್ತು. ಆನೆಯೊಂದು ಆ ತೋಟದಿಂದ ಈ ತೋಟಕ್ಕೆ ದಾಟುವಾಗ ನಮ್ಮ ಕಣವನ್ನೇ ದಾರಿ ಮಾಡಿಕೊಳ್ಳಬಹುದಿತ್ತು. ಟಾರ್ಪಾಲಿಗೆ ಇಲಿ ತೂತು ಹಾಕಿ, ಆ ತೂತಿನಿಂದಲೇ ಇಬ್ಬನಿ ಇಳಿದು, ಕಾಫಿಗೆ ಬೂಷ್ಟು ಹಿಡಿಯಬಹುದಿತ್ತು. ಸ್ಯಾಂಪಲ್ ಒಯ್ಯುವ ಜೀಪು ನಡುದಾರಿಯಲ್ಲಿ ಕೆಟ್ಟು ನಿಲ್ಲಬಹುದಿತ್ತು. ಎಲ್ಲ ಸರಿಯಾಗಿ ಅದು ಚಿಕ್ಕಮಗಳೂರು ಮುಟ್ಟಿದರೂ, ಅಲ್ಲಿ ರುಚಿ ನೋಡುವವರಿಗೆ ಅಂದೇ ನೆಗಡಿಯಾಗಬಹುದಿತ್ತು.

ಇವನ್ನೆಲ್ಲ ನಾನು ಹಾಸಿಗೆಯಲ್ಲಿ ಹೊರಳುತ್ತ, ಒಂದಾದ ಮೇಲೊಂದರಂತೆ, ಯಾವುದಕ್ಕೂ ಅನ್ಯಾಯವಾಗದ ಹಾಗೆ ಯೋಚಿಸಿದ್ದೆ. ನಿದ್ದೆ ಬಾರದವನಿಗೆ ಪುರುಸೊತ್ತಿಗೇನು ಕೊರತೆ?

ಕಾಫಿ ನನ್ನ ಪಾಲಿನದಾಗಿದ್ದರೆ ಇಷ್ಟು ಯೋಚಿಸುತ್ತಿರಲಿಲ್ಲ ಎಂದರೆ ಸುಳ್ಳಾದೀತು. ಆದರೆ ಈ ಸಲದ್ದು ಹೆಂಡತಿಯದು. ಮೂಡಿಗೆರೆಯ ಹತ್ತಿರದ ನಮ್ಮ ಸಣ್ಣ ತೋಟದ ಕಾಫಿ ಪ್ರತಿ ವರ್ಷವೂ ಊರಿನ ಎಲ್ಲರ ಕಾಫಿಯ ಜೊತೆ ಲಾರಿ ಹತ್ತಿ, ಹೆಸರಿಲ್ಲದೆ ಎಲ್ಲಿಗೋ ಹೋಗುತ್ತಿತ್ತು. "ಒಂದು ಸಲವಾದ್ರೂ ನಮ್ಮ ಕಾಫಿ ಹೆಂಗಿದೆ ಅಂತ ಯಾರಾದ್ರೂ ಕುಡಿದು ಹೇಳ್ಲಿ ಕಣ್ರೀ" ಎಂದು ಅವಳು ಹಟ ಹಿಡಿದಳು. ಮೇಲಿನ ಗುಡ್ಡದ ಅರೇಬಿಕಾ ಗಿಡಗಳಲ್ಲಿ ಪೂರ್ತಿ ಹಣ್ಣಾದದ್ದನ್ನಷ್ಟೇ ಕೊಯ್ಯಿಸಿದಳು. ಹಸಿರುಗಾಯಿ ಒಂದು ಕಂಡರೂ ತಾನೇ ಕೂತು ಹೆಕ್ಕಿದಳು. ಕಾಫಿ ಹುರಿದು ಪ್ಯಾಕೆಟ್ ಮಾಡಿ ಮಾರುವ ಚಿಕ್ಕಮಗಳೂರಿನವರೊಬ್ಬರು, ರುಚಿ ಒಪ್ಪಿದರೆ ಪ್ಯಾಕೆಟ್ಟಿನ ಮೇಲೆ ನಮ್ಮ ತೋಟದ ಹೆಸರನ್ನೇ ಹಾಕುವುದಾಗಿ ಹೇಳಿದ್ದರು. ಅಂದಿನಿಂದ ಅವಳು ಕಣದ ಸುತ್ತ ಬಾಣಂತಿ ಮನೆಯಲ್ಲಿ ಓಡಾಡುವವರ ಹಾಗೆ ಓಡಾಡುತ್ತಿದ್ದಳು. ನಾನು ಮಲಗುವುದನ್ನು ಬಿಟ್ಟೆ.

ನಿದ್ದೆ ಬರುವುದಿಲ್ಲ ಎಂದು ಒಬ್ಬರಿಗೆ ಹೇಳಿ ನೋಡಿ, ಊರೆಲ್ಲ ವೈದ್ಯರಾಗುತ್ತಾರೆ. ನಿಜವಾದ ಡಾಕ್ಟರು ಮಧ್ಯಾಹ್ನದ ಮೇಲೆ ಕಾಫಿ ಮುಟ್ಟಬೇಡಿ ಎಂದರು. ಅದನ್ನು ಕೇಳಿ ನಮ್ಮ ತೋಟದ ಮೇಸ್ತ್ರಿಗೆ ನಗು ತಡೆಯಲಾಗಲಿಲ್ಲ. "ಒಳ್ಳೇದಾಯ್ತು ಬಿಡಿ ಸಾರ್. ನಾವು ಬೆಳೆಯೋದು, ಊರೋರು ಕುಡಿಯೋದು, ನಿದ್ದೆ ಮಾತ್ರ ನಿಮ್ದು ಹೋಗೋದು!" ಹಾಲಿಗೆ ಜಾಯಿಕಾಯಿ ತೇದು ಕುಡಿ ಎಂದರು ಒಬ್ಬರು. ಕುಡಿದೆ, ಆಮೇಲೆ ತೇದದ್ದು ಹೆಚ್ಚಾಯಿತೇನೋ ಎಂದು ಬೆಳಗಿನವರೆಗೆ ನಾಡಿ ಹಿಡಿದು ಕೂತೆ. ಅಕ್ಕನ ಮಗಳು ಮೊಬೈಲಿನಲ್ಲಿ ಮಳೆಯ ಸದ್ದು ಹಾಕಿಕೊಟ್ಟು, ಇದಕ್ಕೆ ಎಂಥವರಿಗೂ ನಿದ್ದೆ ಬರುತ್ತದೆ ಮಾವ ಎಂದಳು. ಕಾಫಿ ಕಣದಲ್ಲಿರುವಾಗ ಮಳೆಯ ಸದ್ದು! ಜೊಂಪು ಹತ್ತಿದ್ದೇ ತಡ, ನಾನೂ ಹೆಂಡತಿಯೂ ಟಾರ್ಚು ಹಿಡಿದು ಅಂಗಳಕ್ಕೆ ಹಾರಿದ್ದೆವು. ಮೇಲೆ ನೋಡಿದರೆ ತುಂಬ ನಕ್ಷತ್ರ. ಒಳಗೆ ದಿಂಬಿನ ಪಕ್ಕದಲ್ಲಿ ಮಳೆ ಧೋ ಎಂದು ಸುರಿಯುತ್ತಲೇ ಇತ್ತು.

ಕೊನೆಗೆ ಕಳಸದಿಂದ ಅಕ್ಕನೇ ಬಂದಳು, ಕೈಯಲ್ಲಿ ಒಂದು ಬಾಟಲಿ. ಹರಳೆಣ್ಣೆಗೆ ನೀಲಗಿರಿ ಎಣ್ಣೆ ಬೆರೆಸಿದ ಅವಳ ಸ್ವಂತ ಔಷಧಿ.

"ಅಂಗಾಲಿಗೆ ಚೆನ್ನಾಗಿ ತಿಕ್ಕು. ಆಮೇಲೆ ಕಾಲನ್ನ ತಲೆಗಿಂತ ಮೇಲಿಟ್ಟು ಮಲ್ಗು ಮಾರಾಯ. ತಲೇಲಿರೋ ಬಿಸಿಯೆಲ್ಲ ಇಳಿದುಹೋಗುತ್ತೆ."

"ಕಾಲು ಮೇಲಿದ್ರೆ ಬಿಸಿ ತಲೆಗೇ ಇಳಿಯಲ್ವೇನೇ?"

"ನೋಡು, ಈ ಪ್ರಶ್ನೆ ಕೇಳೋದಕ್ಕೇ ನಿಂಗೆ ನಿದ್ದೆ ಬರದಿರೋದು."

ಆ ರಾತ್ರಿ ಎಣ್ಣೆಯೂ ಸೋತಿತು. ಹಾಸಿಗೆ ಹಾಳಾಯಿತೆಂದು ಹೆಂಡತಿ ಹೊಸ ದಾರಿ ಹುಡುಕಿದಳು. "ಹೆಂಗೂ ನೀವು ಕಣ್ಣು ಮುಚ್ಚೋರಲ್ಲ. ಮಧ್ಯಾಹ್ನ ಕಣ ಕಾಯಿರಿ. ನಿಮ್ಮ ಚಿಂತೆಯಿಂದ ನಂಗೂ ಸ್ವಲ್ಪ ಉಪಯೋಗ ಆಗ್ಲಿ."

ಇಂಥ ಕೆಲಸಕ್ಕೆ ನನ್ನಷ್ಟು ಯೋಗ್ಯ ಇನ್ನೊಬ್ಬನಿಲ್ಲ. ಪಾರ್ಚ್‌ಮೆಂಟ್, ಎಂದರೆ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದು ಒಣಹಾಕಿದ ಕಾಫಿ ಬೀಜ, ಬಹಳ ಸೂಕ್ಷ್ಮದ ಪ್ರಾಣಿ. ಪಕ್ಕದಲ್ಲಿ ಯಾವ ವಾಸನೆ ಇದ್ದರೂ ಹೀರಿಕೊಂಡು, ನಾಳೆ ಲೋಟದಲ್ಲಿ ಚಾಡಿ ಹೇಳುತ್ತದೆ. ನಾನು ಮೊದಲ ದಿನವೇ ಡೀಸೆಲ್ ಕ್ಯಾನನ್ನು ಶೆಡ್ಡಿನಿಂದಾಚೆ ಸಾಗಿಸಿದೆ. ಮೇಸ್ತ್ರಿಯನ್ನು ಬೀಡಿ ಸಮೇತ ಗೇಟಿನ ಹೊರಗೆ ಕಳಿಸಿದೆ. ಕಾಫಿ ಮೂಟೆಗೆ ಸೇರುವವರೆಗೆ ಮನೆಯಲ್ಲಿ ಒಣಮೀನು ಹುರಿಯಕೂಡದು ಎಂದು ಆಜ್ಞೆ ಹೊರಡಿಸಿದೆ. ಬೇಸರ ಕಳೆಯಲು ಕಣದ ಬದಿಯಲ್ಲೇ ಚಾಪೆ ಹಾಕಿಕೊಂಡು, ಅಕ್ಕನ ಮಾತಿಗೆ ಇನ್ನೊಂದು ಅವಕಾಶ ಕೊಡೋಣವೆಂದು ಅಂಗಾಲಿಗೆ ಎಣ್ಣೆ ತಿಕ್ಕಿಕೊಂಡೆ.

ಉರಿಬಿಸಿಲಿಗೆ ಬೀಜ ಬಿರಿಯಬಾರದೆಂದು ಮಧ್ಯಾಹ್ನ ಕಾಫಿಯನ್ನು ಗುಡ್ಡೆ ಮಾಡಿ ಬಟ್ಟೆ ಮುಚ್ಚುವುದು ನಮ್ಮ ಕ್ರಮ. ಒಂದೊಂದು ಕೊಯ್ಲಿನದು ಒಂದೊಂದು ಗುಡ್ಡೆ. ಕೊನೆಯ ಕೊಯ್ಲಿನದು ತೀರ ಚಿಕ್ಕದು, ನನ್ನ ಚಾಪೆಯ ಪಕ್ಕದಲ್ಲೇ ಇತ್ತು. ಕಾಲನ್ನು ತಲೆಗಿಂತ ಮೇಲಿಡಲು ಅಳತೆ ಕೊಟ್ಟು ಮಾಡಿಸಿದ ಹಾಗಿತ್ತು. ಇಟ್ಟೆ. ಬಟ್ಟೆಯೊಳಗಿಂದ ಇಡೀ ಬೆಳಗಿನ ಬಿಸಿಲು ನಿಧಾನವಾಗಿ ಪಾದಕ್ಕೆ ಏರಿತು. ಮಂಗ ಬಂದರೆ ಎಂದು ಶುರು ಮಾಡಿದ್ದು ನೆನಪಿದೆ. ಅದು ಬಂದಿತೋ ಇಲ್ಲವೋ ಗೊತ್ತಿಲ್ಲ.

ಅರೆಎಚ್ಚರದಲ್ಲಿ ಹೆಂಡತಿಯ ಪಿಸುಮಾತು ಕೇಳಿಸಿತು. "ಸದ್ದು ಮಾಡ್ಬೇಡ ಮೇಸ್ತ್ರಿ. ಎಷ್ಟು ದಿನ ಆಗಿತ್ತೋ ಇವರು ಹಿಂಗೆ ಮಲಗಿ."

"ನಾನೆಲ್ಲಿ ಸದ್ದು ಮಾಡ್ತಿದೀನಿ ಅಮ್ಮೋರೆ? ಸದ್ದೆಲ್ಲ ಸಾರ್‌ದೇ. ಆ ಗೊರಕೆಗೆ ಮಂಗ ಅತ್ಲಾಗೆ ಗುಡ್ಡ ಹತ್ತಿದಾವೆ."

ಆಮೇಲೆ ಕಾಫಿ ಒಣಗುವವರೆಗೂ ಅದೇ ಚಾಪೆ, ಅದೇ ಎಣ್ಣೆ, ಅದೇ ಗುಡ್ಡೆ. ಮಧ್ಯಾಹ್ನ ಕಲಿತ ನಿದ್ದೆ ರಾತ್ರಿಯೂ ದಾರಿ ಹಿಡಿದು ಮನೆಗೆ ಬರತೊಡಗಿತು. ಕಾಫಿ ಮೂಟೆಗೆ ಸೇರಿತು. ಗುಡ್ಡೆಗೊಂದರಂತೆ ಸ್ಯಾಂಪಲ್ ಕಟ್ಟಿ ಕಳಿಸಿದೆವು. ಜೀಪು ಕೆಡಲಿಲ್ಲ.

ಚಿಕ್ಕಮಗಳೂರಿನವರ ಫೋನು ಬಂದಾಗ ಜಗಲಿಯಲ್ಲಿ ನಾನು ಸ್ಟೂಲಿನ ಮೇಲೆ ಕಾಲು ಚಾಚಿ ಕೂತಿದ್ದೆ. ಹೆಂಡತಿ ಸ್ಪೀಕರ್ ಹಾಕಿದಳು. "ಮೇಡಂ, ನಿಮ್ಮ ಕಾಫಿ ಬಹಳ ಚೆನ್ನಾಗಿದೆ. ನಾವು ತಗೊಳ್ತೀವಿ. ಪ್ಯಾಕೆಟ್ ಮೇಲೆ ತೋಟದ ಹೆಸರು ಹೆಂಗೆ ಬರೀಬೇಕು ಹೇಳಿ." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು. ನಾನು ದೊಡ್ಡ ಉಸಿರು ಬಿಟ್ಟೆ. ಅವರಿಗೆ ನೆಗಡಿಯೂ ಆಗಿರಲಿಲ್ಲ.

"ಒಂದೇ ಒಂದು, ಆ ಕೊನೇ ಸಣ್ಣ ಚೀಲ ಮಾತ್ರ ಬೇಡ ಮೇಡಂ," ಎಂದರು ಅವರು, ಸ್ವಲ್ಪ ಸಂಕೋಚದಿಂದ. "ನಿಮ್ಮ ಕಣದ ಹತ್ರ ನೀಲಗಿರಿ ಮರ ಏನಾದ್ರೂ ಇದ್ಯಾ?"

"ಇಲ್ವಲ್ಲ," ಎಂದಳು ಹೆಂಡತಿ. ಗೇಟಿನ ಕಡೆ ನೋಡಿದಳು, ಶೆಡ್ಡಿನ ಕಡೆ ನೋಡಿದಳು. ಆಮೇಲೆ ನಿಧಾನವಾಗಿ, ಸ್ಟೂಲಿನ ಮೇಲೆ ಮಿರಮಿರ ಮಿಂಚುತ್ತಿದ್ದ ನನ್ನ ಅಂಗಾಲುಗಳ ಕಡೆ ನೋಡಿದಳು.